ಬೆಳಕು ಉಳಿಸಲು ಹೊರಟ ಬಿಲ್ಡರ್: ವಿಲಿಯಂ ವಿಲೆಟ್

ಅಮೆರಿಕದ ನ್ಯೂಯಾರ್ಕ್ ಕಡೆಯ ಟೀಮ್ ಜೊತೆ ಕೆಲಸ ಮಾಡುವ ನಮ್ಮ ಸೀನಿಯರ್‌ಗಳನ್ನು ಒಮ್ಮೆ ಕೇಳಿ ನೋಡಿ. ಚಳಿಗಾಲವೆಲ್ಲ ಸಂಜೆ ಏಳೂವರೆಗೆ ಇದ್ದ ಮೀಟಿಂಗು ಮಾರ್ಚ್ ತಿಂಗಳ ಎರಡನೇ ಭಾನುವಾರ ಕಳೆದ ಕೂಡಲೇ ಆರೂವರೆಗೆ ಬಂದು ಕೂತಿರುತ್ತೆ. ನವೆಂಬರ್ ಬಂದರೆ ಮತ್ತೆ ಏಳೂವರೆ. ನಮ್ಮ ಗಡಿಯಾರ ಅಲ್ಲಾಡಿರಲ್ಲ, ಅಲ್ಲಿಯವರು ತಮ್ಮ ಗಡಿಯಾರವನ್ನು ಒಂದು ಗಂಟೆ ಆಚೀಚೆ ಮಾಡಿರ್ತಾರೆ, ಅಷ್ಟೆ. ನಮಗೆ ಇದು ಫೋನಿನ ಕ್ಯಾಲೆಂಡರಿನಲ್ಲಿ ತಾನಾಗೇ ಸರಿಯುವ ಒಂದು ಗೆರೆ. ಆದರೆ ಅಲ್ಲಿ ಕೋಟ್ಯಂತರ ಜನ ಆ ಸೋಮವಾರ ಒಂದು ಗಂಟೆ ಮುಂಚೆ ಎದ್ದು, ನಿದ್ದೆಗಣ್ಣಲ್ಲೇ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗ್ತಾರೆ. ಆ ವಾರ ಆಸ್ಪತ್ರೆಗಳಲ್ಲಿ, ರಸ್ತೆಗಳಲ್ಲಿ ಏನಾಗುತ್ತೆ ಅಂತ ಲೆಕ್ಕ ಹಾಕುವ ಸಂಶೋಧಕರ ಒಂದು ದೊಡ್ಡ ಗುಂಪೇ ಇದೆ.

ಈ ಪದ್ಧತಿ ಜಾರಿಗೆ ಬರಬೇಕು ಅಂತ ತನ್ನ ಬದುಕಿನ ಕೊನೆಯ ಎಂಟು ವರ್ಷ ಊರೂರು ಸುತ್ತಿ, ಕೈಯಿಂದ ದುಡ್ಡು ಖರ್ಚು ಮಾಡಿ, ಎಲ್ಲರ ಹತ್ತಿರ ನಗೆಪಾಟಲಾದ ಒಬ್ಬ ಮನುಷ್ಯ ಇದ್ದ. ಆತ ವಿಜ್ಞಾನಿಯಲ್ಲ, ಡಾಕ್ಟರಲ್ಲ, ರಾಜಕಾರಣಿಯೂ ಅಲ್ಲ. ಮನೆ ಕಟ್ಟಿಸುವ ಬಿಲ್ಡರ್. ಹೆಸರು ವಿಲಿಯಂ ವಿಲೆಟ್. ವಿಚಿತ್ರ ಏನಪ್ಪಾ ಅಂದ್ರೆ, ಆತ ಇದನ್ನು ಕೇಳಿದ ಕಾರಣಗಳಲ್ಲಿ ಜನರ ಆರೋಗ್ಯವೂ ಒಂದು. ಇವತ್ತು ಇದನ್ನು ನಿಲ್ಲಿಸಿ ಅಂತ ವೈದ್ಯರು ಕೇಳುತ್ತಿರುವುದೂ ಆರೋಗ್ಯದ ಕಾರಣಕ್ಕೇ. ಈ ಎರಡರ ನಡುವೆ ಏನಾಯ್ತು ಅಂತ ನೋಡೋಣ ಅಂತಲೇ ನಾವು ಈ ಸಲ ವಿಲೆಟ್‌ನ ಬದುಕನ್ನು ಆರಿಸಿಕೊಂಡೆವು.

ಅಪ್ಪನ ಕಸುಬು

ವಿಲೆಟ್ ಹುಟ್ಟಿದ್ದು 1856ರ ಆಗಸ್ಟ್ 10ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಫಾರ್ನಮ್ ಎಂಬ ಊರಲ್ಲಿ. ಓದಿದ್ದು ಲಂಡನ್ನಿನಲ್ಲಿ. ಸ್ವಲ್ಪ ಕಾಲ ವ್ಯಾಪಾರದ ಕೆಲಸ ಕಲಿತು, ಆಮೇಲೆ ಅಪ್ಪನ ಕಟ್ಟಡ ಕಂಪನಿಗೇ ಸೇರಿಕೊಂಡ. ಅಪ್ಪನ ಹೆಸರೂ ವಿಲಿಯಂ ವಿಲೆಟ್ಟೇ. ಅಪ್ಪ-ಮಗ ಇಬ್ಬರೂ ಸೇರಿ ಲಂಡನ್ನಿನ ಚೆಲ್ಸಿ, ಕೆನ್ಸಿಂಗ್ಟನ್ ಕಡೆ, ಸಮುದ್ರ ತೀರದ ಹೋವ್ ಊರಲ್ಲಿ ಒಳ್ಳೊಳ್ಳೆ ಮನೆಗಳನ್ನು ಕಟ್ಟಿಸಿದರು. ಆ ಕಾಲದಲ್ಲಿ ಲಾಭದ ಆಸೆಗೆ ಒಂದೇ ಅಚ್ಚಿನ ಮನೆಗಳನ್ನು ಸಾಲಾಗಿ ಕಟ್ಟಿ ಕೈತೊಳೆದುಕೊಳ್ಳುವ ಬಿಲ್ಡರ್‌ಗಳಿಗೇನೂ ಕಮ್ಮಿ ಇರಲಿಲ್ಲ. ಅಂಥವರ ನಡುವೆ, ಇದು ವಿಲೆಟ್ ಕಟ್ಟಿಸಿದ ಮನೆ ಅಂದರೆ ಸಾಕು, ಕೊಳ್ಳುವವರು ಎರಡನೇ ಮಾತು ಆಡುತ್ತಿರಲಿಲ್ಲವಂತೆ.

ಮಗ ವಿಲೆಟ್ ಸಂಸಾರ ಹೂಡಿದ್ದು ಲಂಡನ್ನಿಗೆ ಹತ್ತಿರದ, ಕೆಂಟ್ ಪ್ರಾಂತ್ಯದ ಚಿಸ್ಲ್‌ಹರ್ಸ್ಟ್‌ನಲ್ಲಿ. ಮರಗಿಡ ದಟ್ಟವಾಗಿದ್ದ ಊರು. ಫ್ರಾನ್ಸಿನ ಪದಚ್ಯುತ ಚಕ್ರವರ್ತಿ ಮೂರನೇ ನೆಪೋಲಿಯನ್ ತನ್ನ ಕೊನೆಯ ದಿನಗಳನ್ನು ಕಳೆದು, 1873ರಲ್ಲಿ ತೀರಿಕೊಂಡಿದ್ದೂ ಇದೇ ಊರಲ್ಲಿ. ವಿಲೆಟ್‌ಗೆ ಎರಡು ಹುಚ್ಚು: ಬೆಳಗ್ಗೆ ಕುದುರೆ ಸವಾರಿ, ಸಂಜೆ ಗಾಲ್ಫ್. ಎರಡಕ್ಕೂ ಬೇಕಾದದ್ದು ಬೆಳಕು.

ಇಲ್ಲಿ ನಾವು ಒಂದು ಭೂಗೋಳದ ಪಾಠ ನೆನಪು ಮಾಡಿಕೊಳ್ಳಬೇಕು. ನಮ್ಮ ಬೆಂಗಳೂರಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಲಂಡನ್ನಿನಲ್ಲಿ ಹಾಗಲ್ಲ. ಜೂನ್‌ನಲ್ಲಿ ಹದಿನಾರೂವರೆ ಗಂಟೆ ಹಗಲು, ಡಿಸೆಂಬರ್‌ನಲ್ಲಿ ಎಂಟು ಗಂಟೆಯೂ ಇಲ್ಲ. ಗಡಿಯಾರ ಮುಟ್ಟದೇ ಬಿಟ್ಟರೆ ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಜಾವ ಮೂರೂಮುಕ್ಕಾಲಿಗೆ. ಆ ಹೊತ್ತಿಗೆ ಯಾರು ಎದ್ದಿರ್ತಾರೆ? ಏಳು ಗಂಟೆಗೆ ಏಳುವವನಿಗೆ ಮೂರು ಗಂಟೆಗೂ ಮಿಕ್ಕಿದ ಬೆಳಕು ಹಾಸಿಗೆಯಲ್ಲೇ ಕಳೆದುಹೋಯ್ತು. ಸಂಜೆ ಕಾರ್ಖಾನೆ, ಅಂಗಡಿ, ಆಫೀಸು ಮುಗಿಸಿ ಬರುವ ಹೊತ್ತಿಗೆ ಉಳಿದ ಬೆಳಕು ಕಮ್ಮಿ. ಆಮೇಲೆ ಗ್ಯಾಸ್ ದೀಪ, ಸೀಮೆಎಣ್ಣೆ ದೀಪ.

1905ರ ಬೇಸಿಗೆಯ ಒಂದು ಬೆಳಗ್ಗೆ ವಿಲೆಟ್ ತನ್ನ ಮನೆ ಹತ್ತಿರದ ಪೆಟ್ಸ್ ವುಡ್ ಕಾಡಿನ ದಾರಿಯಲ್ಲಿ ಕುದುರೆ ಮೇಲೆ ಹೋಗುತ್ತಿದ್ದಾಗ ಈ ಯೋಚನೆ ಬಂತು ಅಂತ ಹೇಳುತ್ತಾರೆ. ಬಿಸಿಲು ಚೆನ್ನಾಗಿ ಬಿದ್ದಿದೆ, ಹಕ್ಕಿಗಳೆಲ್ಲ ಕೂಗ್ತಿವೆ, ಆದರೆ ಮನೆಮನೆಯ ಕಿಟಕಿ ಪರದೆ ಇನ್ನೂ ಮುಚ್ಚೇ ಇವೆ. ಮನೆಗೆ ದೊಡ್ಡ ಕಿಟಕಿ ಇಡಿಸಿ ಬೆಳಕು ಬರುವ ಹಾಗೆ ಮಾಡಬಹುದು, ಆದರೆ ಒಳಗಿರುವವರು ಮಲಗಿದ್ದರೆ ಬಿಲ್ಡರ್ ಏನು ಮಾಡಲು ಸಾಧ್ಯ?

ಇಪ್ಪತ್ತು ನಿಮಿಷದ ಲೆಕ್ಕ

ಎರಡು ವರ್ಷ ಯೋಚಿಸಿ, 1907ರಲ್ಲಿ ವಿಲೆಟ್ ಒಂದು ಕಿರುಹೊತ್ತಿಗೆ ಬರೆದು ತನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿದ. ಹಗಲ ಬೆಳಕು ಪೋಲಾಗುತ್ತಿದೆ ಅನ್ನುವುದೇ ಅದರ ತಲೆಬರಹದ ಸಾರ. ಆತನ ಸಲಹೆ ಇದು: ಏಪ್ರಿಲ್ ತಿಂಗಳ ನಾಲ್ಕು ಭಾನುವಾರ ರಾತ್ರಿ ಎರಡು ಗಂಟೆಗೆ ಗಡಿಯಾರವನ್ನು 20 ನಿಮಿಷ ಮುಂದೆ ಹಾಕಬೇಕು. ನಾಲ್ಕು ವಾರದಲ್ಲಿ ಒಟ್ಟು 80 ನಿಮಿಷ. ಸೆಪ್ಟೆಂಬರ್‌ನಲ್ಲಿ ಹಾಗೇ ನಾಲ್ಕು ಭಾನುವಾರ 20 ನಿಮಿಷದಂತೆ ಹಿಂದಕ್ಕೆ. ಇಷ್ಟು ಮಾಡಿದರೆ ವರ್ಷಕ್ಕೆ ಸುಮಾರು 210 ಗಂಟೆ ಹಗಲು ಜನರ ಎಚ್ಚರದ ಹೊತ್ತಿಗೆ ಸೇರುತ್ತೆ, ದೀಪದ ಖರ್ಚಿನಲ್ಲಿ ದೇಶಕ್ಕೆ 25 ಲಕ್ಷ ಪೌಂಡ್ ಉಳಿಯುತ್ತೆ ಅಂತ ಲೆಕ್ಕ ಕೊಟ್ಟ.

ದುಡ್ಡಿನ ಲೆಕ್ಕ ಜನರನ್ನು ಒಪ್ಪಿಸುವುದಕ್ಕೆ ಬೇಕಿತ್ತು. ಆದರೆ ಆತನ ಮನಸ್ಸು ಇದ್ದದ್ದು ಬೇರೆ ಕಡೆ. ಕಲ್ಲಿದ್ದಲ ಹೊಗೆಯ ಲಂಡನ್ನಿನಲ್ಲಿ ಗುಮಾಸ್ತರು, ಅಂಗಡಿ ಹುಡುಗಿಯರು, ಕಾರ್ಖಾನೆ ಕೂಲಿಗಳು ದಿನವಿಡೀ ಒಳಗೇ ಇದ್ದು, ಹೊರಗೆ ಬರುವಷ್ಟರಲ್ಲಿ ಕತ್ತಲು ಹತ್ತಿರ ಬಂದಿರುತ್ತಿತ್ತು. ಅವರಿಗೆ ಸಂಜೆ ಒಂದಿಷ್ಟು ಬಿಸಿಲು, ಗಾಳಿ, ಆಟ, ನಡಿಗೆ ಸಿಗಲಿ, ಮೈಮನಸ್ಸು ಗಟ್ಟಿಯಾಗಲಿ ಅನ್ನುವುದು ವಿಲೆಟ್‌ನ ವಾದ. ಆ ಕಾಲಕ್ಕೆ ಇದು ಬರೀ ಹುಚ್ಚು ಮಾತಾಗಿರಲಿಲ್ಲ. ಬೆಳಕಿನಿಂದ ಚರ್ಮದ ಕ್ಷಯ ಗುಣಪಡಿಸಿದ್ದಕ್ಕೆ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂದಿತ್ತು. ಬೆಳಕೇ ಔಷಧ ಅನ್ನುವ ನಂಬಿಕೆ ಗಾಳಿಯಲ್ಲೇ ಇತ್ತು.

ಈ ಯೋಚನೆ ಮೊದಲು ಬಂದದ್ದು ವಿಲೆಟ್‌ಗೇ ಅಂತ ಹೇಳಿದರೆ ತಪ್ಪಾಗುತ್ತೆ. 1784ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್ಸಿನ ಪತ್ರಿಕೆಗೆ ಬರೆದ ಪತ್ರದಲ್ಲಿ, ಬೇಗ ಎದ್ದರೆ ಮೇಣದ ಬತ್ತಿ ಎಷ್ಟು ಉಳಿಯುತ್ತೆ ಅಂತ ತಮಾಷೆ ಮಾಡಿದ್ದ. ಆದರೆ ಗಡಿಯಾರ ತಿರುಗಿಸುವ ಮಾತು ಅದರಲ್ಲಿ ಇಲ್ಲ. ನಿಜವಾಗಿ ಆ ಮಾತು ಎತ್ತಿದವನು ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಅಂಚೆ ಕಚೇರಿಯ ನೌಕರ, ಕೀಟಗಳನ್ನು ಸಂಗ್ರಹಿಸುವುದು ಆತನ ಹವ್ಯಾಸ. ಕೆಲಸ ಬಿಟ್ಟ ಮೇಲೆ ಹುಳ ಹಿಡಿಯಲು ಇನ್ನೂ ಬೆಳಕು ಬೇಕು ಅಂತ 1895ರಲ್ಲೇ ವೆಲ್ಲಿಂಗ್ಟನ್‌ನ ವಿದ್ವತ್ ಸಭೆಯ ಮುಂದೆ ಎರಡು ಗಂಟೆ ಬದಲಾವಣೆಯ ಸಲಹೆ ಇಟ್ಟಿದ್ದ. ಭೂಮಿಯ ಆ ತುದಿಯ ಮಾತು ಲಂಡನ್ನಿನಲ್ಲಿ ಚಳವಳಿ ಹುಟ್ಟಿಸಲಿಲ್ಲ. ಅದನ್ನು ಪಾರ್ಲಿಮೆಂಟಿನ ಬಾಗಿಲ ತನಕ ಎಳೆದು ತಂದವನು ವಿಲೆಟ್.

ಪಾರ್ಲಿಮೆಂಟಿನ ಮೆಟ್ಟಿಲು

1908ರ ಫೆಬ್ರವರಿ 12ರಂದು ರಾಬರ್ಟ್ ಪಿಯರ್ಸ್ ಎಂಬ ಸಂಸದ ವಿಲೆಟ್‌ನ ಮಸೂದೆಯನ್ನು ಕಾಮನ್ಸ್ ಸಭೆಯಲ್ಲಿ ಮಂಡಿಸಿದ. ಅದನ್ನು ನೋಡಲು ಒಂದು ಆಯ್ಕೆ ಸಮಿತಿ ಆಯ್ತು. ವಿಲೆಟ್ ಅದರ ಮುಂದೆ ಕೂತು ಸಾಕ್ಷಿ ಹೇಳಿದ. ಷರ್ಲಾಕ್ ಹೋಮ್ಸ್ ಕಥೆಗಳ ಆರ್ಥರ್ ಕೊನಾನ್ ಡಾಯ್ಲ್ ಬೆಂಬಲ ಕೊಟ್ಟ. ಆಗಿನ್ನೂ ಯುವ ರಾಜಕಾರಣಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಕೂಡ ವಿಲೆಟ್ ಪರ ಮಾತಾಡಿದ. ಅಷ್ಟೇ ಯಾಕೆ, ದೊರೆ ಏಳನೇ ಎಡ್ವರ್ಡ್ ಸ್ಯಾಂಡ್ರಿಂಗ್‌ಹ್ಯಾಮ್‌ನ ತನ್ನ ಎಸ್ಟೇಟಿನಲ್ಲಿ ಗಡಿಯಾರಗಳನ್ನು ಅರ್ಧ ಗಂಟೆ ಮುಂದಿಟ್ಟಿದ್ದ, ಶಿಕಾರಿಗೆ ಹೆಚ್ಚು ಬೆಳಕು ಸಿಗಲಿ ಅಂತ.

ವಿರೋಧಿಸಿದವರ ಪಟ್ಟಿ ಇನ್ನೂ ಉದ್ದ. ಹಸು ಗಡಿಯಾರ ನೋಡಲ್ಲ, ಇಬ್ಬನಿ ಆರುವ ತನಕ ಹುಲ್ಲು ಕೊಯ್ಯಕ್ಕಾಗಲ್ಲ, ಆಳುಗಳು ಮಾತ್ರ ಗಡಿಯಾರ ನೋಡಿಕೊಂಡು ಬೇಗ ಹೊರಟುಹೋಗ್ತಾರೆ ಅಂತ ರೈತರು. ಹೊರಗೆ ಬೆಳಕಿದ್ದರೆ ನಮ್ಮ ಹತ್ತಿರ ಯಾರು ಬರ್ತಾರೆ ಅಂತ ನಾಟಕ ಮಂದಿರಗಳ ಮಾಲೀಕರು. ನ್ಯೂಯಾರ್ಕ್ ಮಾರುಕಟ್ಟೆಗೂ ನಮಗೂ ಹೊಂದುವ ಹೊತ್ತು ಕಮ್ಮಿಯಾಗುತ್ತೆ ಅಂತ ಷೇರು ವ್ಯಾಪಾರಿಗಳು. ಖಗೋಳ ವಿಜ್ಞಾನಿಗಳಿಗಂತೂ ಗ್ರೀನಿಚ್ ಸಮಯ ಮುಟ್ಟುವುದೇ ಪಾಪ. ಒಂದು ವಿಜ್ಞಾನ ಪತ್ರಿಕೆಯಲ್ಲಿ, ಹಾಗಾದರೆ ಚಳಿಗಾಲದಲ್ಲಿ ಥರ್ಮಾಮೀಟರಿನ ಅಂಕಿಗಳನ್ನೂ ಹತ್ತು ಡಿಗ್ರಿ ಮೇಲೆ ತಳ್ಳಿಬಿಡಿ, ಚಳಿ ಕಮ್ಮಿಯಾಗುತ್ತೆ ಅನ್ನುವ ಅರ್ಥದ ಕುಹಕವೂ ಬಂತು.

ಇದೆಲ್ಲದರ ನಡುವೆ ಒಂದು ಸಣ್ಣ ಬದಲಾವಣೆ ಆಯ್ತು. ಆಗ ಅದು ಯಾರಿಗೂ ದೊಡ್ಡದು ಅನ್ನಿಸಿರಲಿಕ್ಕಿಲ್ಲ. ವರ್ಷಕ್ಕೆ ಎಂಟು ಸಲ ಗಡಿಯಾರ ತಿರುಗಿಸುವುದು ದೊಡ್ಡ ತಲೆನೋವು, ರೈಲು-ಟೆಲಿಗ್ರಾಫಿನವರು ಒದ್ದಾಡ್ತಾರೆ, ಒಂದೇ ಏಟಿಗೆ ಒಂದು ಗಂಟೆ ಮಾಡಿಬಿಡೋಣ ಅನ್ನುವ ಕಡೆಗೆ ಸಮಿತಿ ವಾಲಿತು. ವಿಲೆಟ್ ಒಪ್ಪಿಕೊಂಡ. ಹೇಗಾದರೂ ಸರಿ, ಕಾನೂನು ಆದರೆ ಸಾಕು ಅನ್ನುವ ಸ್ಥಿತಿ ಆತನದು. ಇಪ್ಪತ್ತು ನಿಮಿಷದ ನಾಲ್ಕು ಮೆಟ್ಟಿಲು ಅಲ್ಲಿಗೆ ಹೋಯ್ತು, ಒಂದು ಗಂಟೆಯ ಒಂದೇ ನೆಗೆತ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಷ್ಟು ಮಾಡಿದರೂ ಮಸೂದೆ ಪಾಸಾಗಲಿಲ್ಲ. 1909ರಲ್ಲಿ ಇನ್ನೊಂದು ಸಮಿತಿ ಕೂತು ಬೇಡ ಅಂದಿತು. ಮುಂದಿನ ವರ್ಷಗಳಲ್ಲೂ ಮತ್ತೆ ಮತ್ತೆ ಮಂಡನೆ, ಮತ್ತೆ ಮತ್ತೆ ಸೋಲು. ಪ್ರಧಾನಿ ಆಸ್ಕ್ವಿತ್ ಒಪ್ಪಲೇ ಇಲ್ಲ. ವಿಲೆಟ್ ಮಾತ್ರ ಬಿಡಲಿಲ್ಲ. ಹೊತ್ತಿಗೆ ಮತ್ತೆ ಅಚ್ಚು ಹಾಕಿಸಿದ, ಊರೂರಿನ ನಗರಸಭೆ, ವ್ಯಾಪಾರಿ ಸಂಘಗಳಿಗೆ ಬರೆದ, ಸಭೆ ಮಾಡಿದ.

1915ರ ಮಾರ್ಚ್ 4ರಂದು, 58ನೇ ವಯಸ್ಸಿಗೆ, ವಿಲೆಟ್ ಇನ್‌ಫ್ಲುಯೆಂಜಾ ಜ್ವರದಿಂದ ತೀರಿಕೊಂಡ. ಆತ ಹೋದಾಗ ಆತನ ದೇಶದ ಒಂದು ಗಡಿಯಾರವೂ ಕಾನೂನಿನ ಪ್ರಕಾರ ಒಂದು ನಿಮಿಷ ಕೂಡ ಮುಂದೆ ಹೋಗಿರಲಿಲ್ಲ. ಚಿಸ್ಲ್‌ಹರ್ಸ್ಟ್‌ನ ಸಂತ ನಿಕೊಲಸ್ ಚರ್ಚಿನ ಅಂಗಳದಲ್ಲಿ ಆತನನ್ನು ಮಣ್ಣು ಮಾಡಿದರು.

ಯುದ್ಧ ತಂದ ಬೇಸಿಗೆ ಸಮಯ

ಆರೋಗ್ಯ, ಆಟ, ಬಿಸಿಲು ಇವುಗಳಿಗೆ ಬಗ್ಗದ ಸರ್ಕಾರಗಳು ಕಲ್ಲಿದ್ದಲಿಗೆ ಬಗ್ಗಿದವು. ಮೊದಲ ಮಹಾಯುದ್ಧದ ಮಧ್ಯೆ, 1916ರ ಏಪ್ರಿಲ್ 30ರ ರಾತ್ರಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿ ಇಂಧನ ಉಳಿಸಲು ಗಡಿಯಾರಗಳನ್ನು ಒಂದು ಗಂಟೆ ಮುಂದೆ ಹಾಕಿದವು. ಶತ್ರು ಮಾಡಿದ ಮೇಲೆ ಬ್ರಿಟನ್ ಸುಮ್ಮನಿರುತ್ತಾ? ಎಂಟು ವರ್ಷ ಆಗದ ಕೆಲಸ ಮೂರೇ ವಾರದಲ್ಲಿ ಆಯ್ತು. ಮೇ 17ಕ್ಕೆ ಕಾನೂನು, ಮೇ 21ಕ್ಕೆ ಜಾರಿ. ವಿಲೆಟ್ ಸತ್ತು ಹದಿನಾಲ್ಕು ತಿಂಗಳು ಕಳೆದಿತ್ತು. ಆ ಶರತ್ಕಾಲದಲ್ಲಿ ಮತ್ತೆ ಹಿಂದಕ್ಕೆ ತಿರುಗಿಸುವಾಗ ಜನರಿಗೆ ಒಂದು ಎಚ್ಚರಿಕೆಯನ್ನೂ ಕೊಡಬೇಕಾಯ್ತು. ಗಂಟೆ ಬಾರಿಸುವ ಗೋಡೆ ಗಡಿಯಾರಗಳ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಒಳಗಿನ ಯಂತ್ರ ಕೆಡುವ ಭಯ. ಹಾಗಾಗಿ ಒಂದು ಗಂಟೆ ನಿಲ್ಲಿಸಿ ಇಡಿ, ಇಲ್ಲಾಂದ್ರೆ ಹನ್ನೊಂದು ಗಂಟೆ ಮುಂದಕ್ಕೇ ತಿರುಗಿಸಿ ಅಂತ. ಲೋಹದ ಗಡಿಯಾರದ ಬಗ್ಗೆ ಇಷ್ಟು ಕಾಳಜಿ ಇತ್ತು. ಮೈಯೊಳಗೂ ಒಂದು ಗಡಿಯಾರ ಇದೆ ಅಂತ ಆಗ ಯಾರಿಗೆ ಗೊತ್ತಿತ್ತು?

1918ರಲ್ಲಿ ಅಮೆರಿಕ ಇದನ್ನು ತಂದು, ರೈತರ ಒತ್ತಾಯಕ್ಕೆ ಮರುವರ್ಷವೇ ರದ್ದು ಮಾಡಿತು. ಎರಡನೇ ಮಹಾಯುದ್ಧದಲ್ಲಿ ಎಲ್ಲ ಕಡೆ ಮತ್ತೆ ಬಂತು. ಬ್ರಿಟನ್ನಿನಲ್ಲಂತೂ ಬೇಸಿಗೆಯಲ್ಲಿ ಎರಡು ಗಂಟೆ ಮುಂದೆ. ಆಗ ಬ್ರಿಟಿಷರ ಕೈಯಲ್ಲಿದ್ದ ನಮ್ಮ ದೇಶಕ್ಕೂ ಅದರ ಬಿಸಿ ತಟ್ಟಿತು. 1942ರಿಂದ 1945ರವರೆಗೆ ಭಾರತದ ಗಡಿಯಾರಗಳೂ ಒಂದು ಗಂಟೆ ಮುಂದೆ ಇದ್ದವು. ಮನೆಯಲ್ಲಿ ತೊಂಬತ್ತು ದಾಟಿದ ಹಿರಿಯರಿದ್ದರೆ ಕೇಳಿ ನೋಡಿ, ಯುದ್ಧಕಾಲದ ಟೈಮು ನೆನಪಿದ್ದರೂ ಇರಬಹುದು.

ಮೈಯೊಳಗಿನ ಗಡಿಯಾರ

ವಿಲೆಟ್‌ಗೆ ಗೊತ್ತಿರಲು ಸಾಧ್ಯವೇ ಇಲ್ಲದಿದ್ದ ವಿಷಯಕ್ಕೆ ಈಗ ಬರೋಣ. 1729ರಲ್ಲಿ ಫ್ರಾನ್ಸಿನ ದ ಮೈರಾನ್ ಎಂಬಾತ ನಮ್ಮ ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಕತ್ತಲ ಕಪಾಟಿನಲ್ಲಿಟ್ಟು ನೋಡಿದ್ದ. ಬೆಳಕಿಲ್ಲದಿದ್ದರೂ ಹಗಲಾದಾಗ ಎಲೆ ಬಿಚ್ಚುತ್ತಿತ್ತು, ರಾತ್ರಿಯಾದಾಗ ಮುಚ್ಚುತ್ತಿತ್ತು. ಮನುಷ್ಯನ ಮೇಲೆ ಇಂಥ ಪ್ರಯೋಗ ಗಂಭೀರವಾಗಿ ಆಗಿದ್ದು 1960ರ ದಶಕದಲ್ಲಿ. ಜರ್ಮನಿಯ ಯುರ್ಗನ್ ಆಶೋಫ್ ಜನರನ್ನು ಗಡಿಯಾರ, ಕಿಟಕಿ ಯಾವುದೂ ಇಲ್ಲದ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಇರಿಸಿ, ಅವರ ನಿದ್ದೆ-ಎಚ್ಚರ ತನ್ನದೇ ತಾಳದಲ್ಲಿ ನಡೆಯುವುದನ್ನು ಕಂಡ. ಈ ತಾಳವನ್ನು ನಡೆಸುವ ವಂಶವಾಹಿಗಳನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ನೋಡಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ನಮ್ಮ ಮಿದುಳಿನಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಎಲ್ಲ ಸೇರಿ ಸುಮಾರು 20,000 ನರಕೋಶಗಳ ಒಂದು ಪುಟ್ಟ ಜೋಡಿ ಇದೆ. ಅದೇ ಮುಖ್ಯ ಗಡಿಯಾರ. ಇಸಿ ಬ್ರಾಂಚಿನವರಿಗೆ ಸುಲಭವಾಗಿ ಹೇಳಬೇಕಂದ್ರೆ, ಅದೊಂದು ಆಸಿಲೇಟರ್. ತನ್ನ ಪಾಡಿಗೆ ಬಿಟ್ಟರೆ ಅದರ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಸುಮಾರು ಹತ್ತು ನಿಮಿಷ ಜಾಸ್ತಿ. ಅಂದರೆ ದಿನಾ ಒಂಚೂರು ಹಿಂದೆ ಬೀಳುತ್ತೆ. ಅದನ್ನು ದಿನಾ ಸರಿಮಾಡುವ ರೆಫರೆನ್ಸ್ ಸಿಗ್ನಲ್ ಯಾವುದು? ಕಣ್ಣಿಗೆ ಬೀಳುವ ಬೆಳಕು. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ಎಳೆಯುತ್ತೆ, ಸಂಜೆ ತಡವಾಗಿ ಬೀಳುವ ಬೆಳಕು ಹಿಂದಕ್ಕೆ ತಳ್ಳುತ್ತೆ.

ಈಗ ವಿಲೆಟ್‌ನ ಯೋಜನೆಯನ್ನು ಈ ಲೆಕ್ಕದಲ್ಲಿಟ್ಟು ನೋಡಿ. ಗೋಡೆ ಗಡಿಯಾರ ಒಂದು ಗಂಟೆ ಮುಂದೆ ಹೋಯ್ತು. ಎದ್ದಾಗ ಸಿಗಬೇಕಿದ್ದ ಬೆಳಗಿನ ಬೆಳಕು ಕಮ್ಮಿಯಾಯ್ತು, ಮಲಗುವ ಮುಂಚಿನ ಬೆಳಕು ಜಾಸ್ತಿಯಾಯ್ತು. ಎರಡೂ ಸೇರಿ ಮೈಯ ಗಡಿಯಾರವನ್ನು ಹಿಂದಕ್ಕೇ ತಳ್ಳುತ್ತವೆ. ಆದರೆ ಅಲಾರಾಂ ಮುಂಚೆ ಹೊಡೆಯುತ್ತೆ. ನಿದ್ದೆ ಬರುವುದು ತಡ, ಏಳುವುದು ಬೇಗ. ಕಳೆದುಹೋಗುವುದು ನಿದ್ದೆ. ತಡರಾತ್ರಿ ಮಲಗುವ ಗೂಬೆ ಜಾತಿಯವರಿಗೆ, ಅಂದರೆ ನಮ್ಮಂಥ ಹಾಸ್ಟೆಲ್ ವಯಸ್ಸಿನವರಿಗೆ, ಪೆಟ್ಟು ಇನ್ನೂ ಜಾಸ್ತಿ. ಜರ್ಮನಿಯಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಥವರ ಮೈ ವಸಂತದ ಬದಲಾವಣೆಗೆ ವಾರಗಳು ಕಳೆದರೂ ಪೂರ್ತಿ ಹೊಂದಿಕೊಳ್ಳುವುದಿಲ್ಲ ಅಂತ ತೋರಿಸಿತು.

ಅಂಕಿಗಳನ್ನೂ ನೋಡೋಣ. ಸ್ವೀಡನ್ನಿನಲ್ಲಿ 1987ರಿಂದ 2006ರವರೆಗಿನ ದಾಖಲೆ ನೋಡಿದಾಗ, ಗಡಿಯಾರ ಮುಂದೆ ಹಾಕಿದ ಮೊದಲ ವಾರದಲ್ಲಿ ಹೃದಯಾಘಾತ ಸುಮಾರು 5 ಶೇಕಡಾ ಹೆಚ್ಚಿತ್ತು. ಅಮೆರಿಕದ ಗಣಿ ಕಾರ್ಮಿಕರಲ್ಲಿ ಆ ಸೋಮವಾರ ಗಾಯಗಳು 5.7 ಶೇಕಡಾ ಹೆಚ್ಚು. ಅದೇ ಅಧ್ಯಯನದಲ್ಲಿ ಅಮೆರಿಕನ್ನರು ಆ ದಿನ ಸರಾಸರಿ 40 ನಿಮಿಷ ಕಮ್ಮಿ ನಿದ್ದೆ ಮಾಡಿದ್ದೂ ಕಂಡಿತು. ಅಮೆರಿಕದಲ್ಲೇ 1996ರಿಂದ 2017ರವರೆಗಿನ ರಸ್ತೆ ಅಪಘಾತಗಳನ್ನು ನೋಡಿದಾಗ, ಆ ವಾರ ಸಾವು ತಂದ ಅಪಘಾತಗಳು ಸುಮಾರು 6 ಶೇಕಡಾ ಜಾಸ್ತಿ.

ಎಂಜಿನಿಯರಿಂಗ್ ಓದುವವರಾದ ನಾವು ಅಂಕಿ ನೋಡಿದ ಕೂಡಲೇ ಬೆಚ್ಚಬಾರದು, ಇನ್ನೊಂದು ಪಕ್ಕವನ್ನೂ ನೋಡಬೇಕು. ಮಿಷಿಗನ್ ರಾಜ್ಯದ ಆಸ್ಪತ್ರೆಗಳ ಒಂದು ಅಧ್ಯಯನದಲ್ಲಿ ಆ ಸೋಮವಾರ ಹೃದಯಾಘಾತಗಳು 24 ಶೇಕಡಾ ಏರಿದ್ದವು. ಆದರೆ ಇಡೀ ವಾರದ ಮೊತ್ತ ಬದಲಾಗಿರಲಿಲ್ಲ. ಮೊದಲೇ ಹೃದಯ ದುರ್ಬಲ ಇದ್ದವರಿಗೆ ನಾಲ್ಕು ದಿನ ಆಮೇಲೆ ಆಗಬಹುದಾಗಿದ್ದು ಸೋಮವಾರವೇ ಆಯ್ತು ಅಂತಲೂ ಇದನ್ನು ಓದಬಹುದು. ಇನ್ನು ವಿಲೆಟ್‌ನ ಮೂಲ ಆಸೆ, ಸಂಜೆ ಬೆಳಕಲ್ಲಿ ಜನ ಹೊರಗೆ ಬರಬೇಕು ಅನ್ನುವುದು, ಅದು ಸುಳ್ಳಾಗಲಿಲ್ಲ. ಹಲವು ದೇಶಗಳ ಮಕ್ಕಳನ್ನು ಅಳೆದು ನೋಡಿದಾಗ ಸಂಜೆ ಬೆಳಕು ಹೆಚ್ಚಿದ್ದರೆ ಆಟವೂ ಸ್ವಲ್ಪ ಹೆಚ್ಚುವುದು ಕಂಡಿದೆ. ದೀಪದ ಉಳಿತಾಯದ ಲೆಕ್ಕ ಮಾತ್ರ ಈಗ ಗಟ್ಟಿಯಾಗಿ ನಿಲ್ಲುತ್ತಿಲ್ಲ. 2006ರಲ್ಲಿ ಇಂಡಿಯಾನಾ ರಾಜ್ಯವಿಡೀ ಈ ಪದ್ಧತಿ ಜಾರಿಗೆ ಬಂದಾಗ ಮನೆಗಳ ವಿದ್ಯುತ್ ಬಳಕೆ ಸುಮಾರು 1 ಶೇಕಡಾ ಏರಿತು. ಬಲ್ಬಿನಲ್ಲಿ ಉಳಿದದ್ದನ್ನು ಎಸಿ ತಿಂದುಹಾಕಿತ್ತು.

ಹಾಗಾದರೆ ವಿಲೆಟ್ ಮಾಡಿದ್ದು ತಪ್ಪಾ?

ಇಲ್ಲಿ ಆ ಇಪ್ಪತ್ತು ನಿಮಿಷ ನೆನಪಿಗೆ ಬರಬೇಕು. ಗಡಿಯಾರ ಬದಲಾಗುವ ವಾರಕ್ಕೆ ಮುಂಚೆ ನಿದ್ದೆಯ ತಜ್ಞರು ಇವತ್ತು ಕೊಡುವ ಸಲಹೆ ಏನು ಗೊತ್ತಾ? ಕೆಲವು ದಿನ ಮೊದಲಿಂದಲೇ ದಿನಕ್ಕೆ ಹದಿನೈದು-ಇಪ್ಪತ್ತು ನಿಮಿಷದಂತೆ ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ ಅಂತ. ವಿಲೆಟ್ 1907ರಲ್ಲಿ ವಾರಕ್ಕೆ ಇಪ್ಪತ್ತು ನಿಮಿಷ ಅಂದಿದ್ದ. ಮೈಯ ಗಡಿಯಾರದ ಗಂಧವೇ ಇಲ್ಲದೆ, ಬರೀ ಸಾಮಾನ್ಯ ಜ್ಞಾನದಿಂದ ಆತ ಮೆಟ್ಟಿಲು ಕಟ್ಟಿದ್ದ. ರೈಲು ವೇಳಾಪಟ್ಟಿಯ ಅನುಕೂಲಕ್ಕೆ ಮೆಟ್ಟಿಲು ತೆಗೆದು ಹಾಕಲಾಯ್ತು. ಆ ಸೋಮವಾರದ ಆಘಾತಕ್ಕೆ ದೊಡ್ಡ ಕಾರಣ ಒಂದೇ ಏಟಿಗೆ ಹೋಗುವ ಆ ಒಂದು ಗಂಟೆ.

ಹಾಗಂತ ಮೆಟ್ಟಿಲು ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತಲ್ಲ. ಬದಲಾವಣೆಯ ವಾರ ಸಲೀಸಾಗುತ್ತಿತ್ತು, ಆದರೆ ಆಮೇಲಿನ ತಿಂಗಳುಗಳಲ್ಲಿ ಸೂರ್ಯನಿಗೂ ಅಲಾರಾಮಿಗೂ ಇರುವ ಅಂತರ ಹಾಗೇ ಉಳಿಯುತ್ತಿತ್ತು. ವರ್ಷಪೂರ್ತಿ ಬೇಸಿಗೆ ಸಮಯವನ್ನೇ ಇಟ್ಟುಕೊಂಡರೆ ಈ ಅಂತರ ಚಳಿಗಾಲದಲ್ಲಿ ಎಷ್ಟು ಕಾಡುತ್ತೆ ಅಂತ ಮೂರು ದೇಶಗಳು ಮಾಡಿ ನೋಡಿವೆ. ಬ್ರಿಟನ್ 1968ರಿಂದ 1971ರವರೆಗೆ ಪ್ರಯೋಗ ಮಾಡಿ ಕೈಬಿಟ್ಟಿತು. ಅಮೆರಿಕ 1974ರ ಜನವರಿಯಲ್ಲಿ ಶುರು ಮಾಡಿತು. ಮಕ್ಕಳು ಕತ್ತಲಲ್ಲಿ ಶಾಲೆಗೆ ಹೋಗಬೇಕಾಗಿ ಬಂದು, ಅಪ್ಪ-ಅಮ್ಮಂದಿರು ಸಿಟ್ಟಾಗಿ, ಅದೇ ವರ್ಷ ಹಿಂದೆ ಸರಿಯಿತು. ರಷ್ಯಾ 2011ರಲ್ಲಿ ಕಾಯಂ ಬೇಸಿಗೆ ಸಮಯಕ್ಕೆ ಹೋಗಿ, 2014ರಲ್ಲಿ ಕಾಯಂ ಚಳಿಗಾಲದ ಸಮಯಕ್ಕೆ ಬಂತು. ಅಮೆರಿಕದ ನಿದ್ದೆ ವೈದ್ಯರ ಅಕಾಡೆಮಿ 2020ರಲ್ಲಿ ಹೇಳಿದ್ದೂ ಇದನ್ನೇ: ಬದಲಾಯಿಸುವುದು ನಿಲ್ಲಿಸಿ, ಸೂರ್ಯನಿಗೆ ಹತ್ತಿರ ಇರುವ ಸಾಮಾನ್ಯ ಸಮಯವನ್ನೇ ಇಟ್ಟುಕೊಳ್ಳಿ ಅಂತ. ಯುರೋಪಿನ ಪಾರ್ಲಿಮೆಂಟು 2019ರಲ್ಲಿ ಈ ಪದ್ಧತಿ ನಿಲ್ಲಿಸುವ ಪರ ಮತ ಹಾಕಿದರೂ, ಯಾವ ಸಮಯ ಉಳಿಸಿಕೊಳ್ಳಬೇಕು ಅನ್ನುವಲ್ಲಿ ದೇಶಗಳ ನಡುವೆ ಒಮ್ಮತ ಬಾರದೆ ವಿಷಯ ಅಲ್ಲೇ ನಿಂತಿದೆ.

ನಮ್ಮ ದೇಶಕ್ಕೆ ಗಡಿಯಾರ ತಿರುಗಿಸುವ ಗೋಜಿಲ್ಲ ಅಂತ ನಾವು ಆರಾಮಾಗಿರಬಹುದು. ಆದರೆ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಇಲ್ಲೂ ಇದೆ. ಗುಜರಾತಿನ ಪಶ್ಚಿಮ ತುದಿಗೂ ಅರುಣಾಚಲದ ಪೂರ್ವ ತುದಿಗೂ ಸೂರ್ಯ ಹುಟ್ಟುವುದರಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ ವ್ಯತ್ಯಾಸ, ಗಡಿಯಾರ ಮಾತ್ರ ಒಂದೇ. ಅಸ್ಸಾಮಿನ ಚಹಾ ತೋಟಗಳಲ್ಲಿ ಇವತ್ತಿಗೂ ಒಂದು ಗಂಟೆ ಮುಂದಿರುವ ತೋಟದ ಸಮಯ ನಡೆಯುತ್ತೆ. ವಿಲೆಟ್ ಅಲ್ಲಿಗೆ ಹೋಗಿದ್ದರೆ ಖುಷಿಪಡುತ್ತಿದ್ದನೇನೋ.

ಆತ ಸವಾರಿ ಮಾಡುತ್ತಿದ್ದ ಪೆಟ್ಸ್ ವುಡ್ ಕಾಡಿನ ಒಂದು ಭಾಗವನ್ನು ಜನ ಚಂದಾ ಎತ್ತಿ ಕೊಂಡು ಆತನ ನೆನಪಿಗೆ ಉಳಿಸಿದ್ದಾರೆ. 1927ರಲ್ಲಿ ಅಲ್ಲೊಂದು ನೆರಳು ಗಡಿಯಾರ ನಿಲ್ಲಿಸಿದರು. ಅದು ಸದಾ ಬೇಸಿಗೆ ಸಮಯವನ್ನೇ ತೋರಿಸುತ್ತೆ, ಚಳಿಗಾಲದಲ್ಲಿ ನೋಡಿದರೆ ಒಂದು ಗಂಟೆ ಹೆಚ್ಚು. ಹತ್ತಿರದಲ್ಲೇ ಆತನ ಹೆಸರಿನ ರಸ್ತೆ ಇದೆ, ಹಗಲ ಬೆಳಕಿನ ಹೆಸರಿನ ಒಂದು ಪಬ್ಬೂ ಇದೆ. ನಮ್ಮಲ್ಲಿ ಕೋಲ್ಡ್‌ಪ್ಲೇ ಕೇಳುವವರಿಗೆ ಇನ್ನೊಂದು ಸುದ್ದಿ: ಆ ತಂಡದ ಹಾಡುಗಾರ ಕ್ರಿಸ್ ಮಾರ್ಟಿನ್ ಇದೇ ವಿಲೆಟ್‌ನ ಮರಿಮಗನ ಮಗ. ಕ್ಲಾಕ್ಸ್ ಅನ್ನುವ ಹಾಡು ಅವರದ್ದೇ ಅಲ್ವಾ!

ನಮ್ಮ ಓದುಗರಲ್ಲಿ ಹಲವರು ಈ ವರ್ಷ ಎಂಎಸ್ ಮಾಡಲು ಹೊರದೇಶಕ್ಕೆ ಹೊರಟಿದ್ದೀರಿ. ಅಲ್ಲಿ ಮೊದಲ ಮಾರ್ಚ್ ಬಂದಾಗ ಆ ಭಾನುವಾರಕ್ಕೆ ಮೂರು ದಿನ ಮುಂಚಿನಿಂದ ದಿನಾ ಇಪ್ಪತ್ತು ನಿಮಿಷ ಬೇಗ ಮಲಗಿ, ಇಪ್ಪತ್ತು ನಿಮಿಷ ಬೇಗ ಏಳಿ. ಎದ್ದ ಕೂಡಲೇ ಹೊರಗೆ ಹೋಗಿ ಒಂದಿಷ್ಟು ಬೆಳಕು ನೋಡಿ. ಆ ಸೋಮವಾರ ದೂರದ ಡ್ರೈವಿಂಗ್ ಇಟ್ಟುಕೊಳ್ಳಬೇಡಿ. ಪಾರ್ಲಿಮೆಂಟು ಒಪ್ಪದ ವಿಲೆಟ್‌ನ ಲೆಕ್ಕವನ್ನು ನಮ್ಮ ನಮ್ಮ ಕೋಣೆಯಲ್ಲಿ ಜಾರಿಗೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ.